ಕೆರಿಬಿಯನ್ ಚಿತ್ರೋತ್ಸವಕ್ಕೆ ನಾವು ಜನ ಸೇರಿಸಿದ್ದು

ಸಮಾರಂಭ ಅಂದಮೇಲೆ ಒಂದಾದರೂ ಎಡವಟ್ಟು ಆಗಲೇಬೇಕು. ಆಗದಿದ್ದರೆ ಅದನ್ನು ನಡೆಸಿದವರು ನಮ್ಮವರಲ್ಲ ಅಂತ ಅರ್ಥ. ಪರ್ತ್‌ನಲ್ಲಿ ನಮ್ಮ ಕನ್ನಡದವರ ಕೂಟಕ್ಕೆ ಬಹಳ ಕಾಲ ಕಾರ್ಯದರ್ಶಿಯಾಗಿದ್ದವಳು ನಾನು. ಮುಖ್ಯ ಅತಿಥಿಗಳು ಭಾಷಣಕ್ಕೆ ಎದ್ದಾಗ ಮೈಕ್ ಸತ್ತದ್ದು, ಪ್ರಾರ್ಥನೆ ಹಾಡಬೇಕಾದವರು ಪಾರ್ಕಿಂಗ್ ಹುಡುಕಿ ಹುಡುಕಿ ವಂದನಾರ್ಪಣೆಯ ಹೊತ್ತಿಗೆ ಬಂದು, ಬಂದದ್ದಕ್ಕೆ ಹಾಡಿಯೇ ಹೋದದ್ದು, ಎಲ್ಲ ನೋಡಿದ್ದೇನೆ. ಆ ಹುದ್ದೆ ಬಿಟ್ಟಮೇಲೆ ಇವೆಲ್ಲ ಮುಗಿಯಿತು ಅಂದುಕೊಂಡಿದ್ದೆ. ಆದರೆ ಪಕ್ಕದ ಮನೆಯವರು ನನ್ನನ್ನು ಬಿಡಲಿಲ್ಲ.

ಕ್ಯಾನಿಂಗ್ ವೇಲ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿರುವುದು ಕೆರಿಬಿಯನ್ ಸಮುದ್ರದ ಟ್ರಿನಿಡಾಡ್ ದ್ವೀಪದ ಒಬ್ಬ ನಿವೃತ್ತ ನರ್ಸ್. ಆ ಕಡೆಯ ದ್ವೀಪಗಳಲ್ಲೂ ನಮ್ಮ ಹಾಗೆಯೇ, ರಕ್ತಸಂಬಂಧ ಇರಲಿ ಬಿಡಲಿ, ಹಿರಿಯ ಹೆಂಗಸರೆಲ್ಲ ಆಂಟಿಯೇ. ಹಾಗಾಗಿ ನಾನು ಮೊದಲ ದಿನವೇ ಆಂಟಿ ಅಂದೆ, ಅವರೂ ಓ ಅಂದರು. ಈ ಆಂಟಿ ವರ್ಷಕ್ಕೊಮ್ಮೆ ತಮ್ಮ ದ್ವೀಪಗಳ ಸಿನಿಮಾಗಳನ್ನು ತರಿಸಿ, ಕಮ್ಯುನಿಟಿ ಹಾಲ್‌ನಲ್ಲಿ ತೋರಿಸಿ, ಬಂದವರಿಗೆ ತಮ್ಮೂರಿನ ಊಟ ಹಾಕಿ ಕಳಿಸುತ್ತಿದ್ದರು. ಕಳೆದ ಸಲ ಅಲ್ಲಿ ಜನಕ್ಕಿಂತ ಕುರ್ಚಿಗಳೇ ಹೆಚ್ಚಿದ್ದವು.

ಅವರಿಗೊಂದು ಹಳೆಯ ಆಸೆ ಇತ್ತು. ಹರೆಯದಲ್ಲಿ ನರ್ಸ್ ಕೆಲಸಕ್ಕೆಂದು ಅವರು ಮೊದಲು ಬಂದಿಳಿದದ್ದು ಅಡಿಲೇಡ್‌ಗೆ. ಯಾರ ಪರಿಚಯವೂ ಇಲ್ಲದ ಊರು. ರಜೆ ಸಿಕ್ಕಾಗಲೆಲ್ಲ ಅಲ್ಲಿನ ಕಡಲತೀರದ ಬಡಾವಣೆಯಾದ ಗ್ಲೆನೆಲ್ಗ್‌ನ ಒಂದು ಹಳೆಯ ಥಿಯೇಟರಿಗೆ ಹೋಗಿ ಒಬ್ಬರೇ ಕೂತು ಸಿನಿಮಾ ನೋಡುತ್ತಿದ್ದರಂತೆ. ಆ ಪರದೆಯ ಮೇಲೆ ತಮ್ಮಂಥ ಮುಖವನ್ನು ಒಂದೇ ಒಂದು ಸಲವೂ ನೋಡಲಿಲ್ಲವಂತೆ. ಅದೇ ಥಿಯೇಟರಿನಲ್ಲಿ, ತುಂಬಿದ ಹಾಲ್‌ನಲ್ಲಿ, ತಮ್ಮ ಜನರ ಸಿನಿಮಾ ನೋಡಬೇಕು ಅನ್ನುವುದು ಆಸೆ. ಈ ವರ್ಷ ಥಿಯೇಟರಿನ ಯಜಮಾನರು ಒಂದು ಭಾನುವಾರದ ಮಧ್ಯಾಹ್ನ ಬಿಟ್ಟುಕೊಡಲು ಒಪ್ಪಿದ್ದರು. ಷರತ್ತು ಇಷ್ಟೇ: ಹಾಲ್ ತುಂಬಿದರೆ ಪ್ರತಿ ವರ್ಷ ಬನ್ನಿ, ಖಾಲಿ ಹೊಡೆದರೆ ಇದೇ ಮೊದಲು, ಇದೇ ಕೊನೆ.

ಮೊದಲು ಪರ್ತ್, ಆಮೇಲೆ ಬ್ರಿಸ್ಬೇನ್, ಕೊನೆಗೆ ಅಡಿಲೇಡ್ ಎಂದು ಆಂಟಿ ಗೊತ್ತುಮಾಡಿದರು. ಯುಗಾದಿಗೂ ಗಣೇಶನ ಹಬ್ಬಕ್ಕೂ ನಮ್ಮ ಮನೆ ಮುಂದೆ ನಿಲ್ಲುವ ಕಾರುಗಳನ್ನು ಅವರು ವರ್ಷಗಳಿಂದ ನೋಡಿದವರು. "ನಿಮ್ಮ ಜನಕ್ಕೆ ಸೇರೋದು ಗೊತ್ತು. ನನಗೆ ಜನ ಸೇರಿಸಿಕೊಡು" ಅಂದರು. ನಾನು ಹಿಂದೆಮುಂದೆ ನೋಡದೆ ನೋ ವರೀಸ್ ಆಂಟಿ ಅಂದುಬಿಟ್ಟೆ. ನನ್ನ ಗಂಡ ಜಿಯಾಲಜಿಸ್ಟ್, ತಿಂಗಳಲ್ಲಿ ಅರ್ಧ ಭಾಗ ಗಣಿಯಲ್ಲೇ ಇರುತ್ತಾರೆ. ಫೋನಿನಲ್ಲಿ ಈ ಸುದ್ದಿ ಕೇಳಿ, ಸದ್ಯ ನಾನು ಇಲ್ಲೇ ಕ್ಷೇಮ ಅಂದರು.

ಹೂರಣದ ವಿಚಾರ

ತಿಪಟೂರಿನಿಂದ ನಮ್ಮತ್ತೆ ಬಂದಿದ್ದರು. ಮಗ ಗಣಿಯಲ್ಲಿ, ಸೊಸೆ ಚಿತ್ರೋತ್ಸವದಲ್ಲಿ. ಮನೆಯಲ್ಲಿ ಕೂತು ಗೋಡೆ ನೋಡುವ ಜಾತಿಯವರಲ್ಲ ಅವರು, ತಾವೂ ಬರುತ್ತೇನೆಂದು ಸೆರಗು ಸಿಕ್ಕಿಸಿದರು.

ಪರ್ತ್‌ನ ಪ್ರದರ್ಶನ ವಿಲೆಟನ್‌ನ ಒಂದು ಹಾಲ್‌ನಲ್ಲಿ. ಊಟಕ್ಕೆ ಆಂಟಿ ತಮ್ಮೂರಿನ ಧಾಲ್‌ಪೂರಿ ಮಾಡಲು ಹೊರಟರು. ಬೇಳೆ ಬೇಯಿಸಿ, ಪುಡಿಯಾಗುವಂತೆ ಅರೆದು, ಕಣಕದ ಉಂಡೆಯೊಳಗೆ ತುಂಬಿ, ಲಟ್ಟಿಸಿ ಕಾವಲಿಯ ಮೇಲೆ ಹಾಕುವುದು. ಅತ್ತೆಯ ಮುಖ ಅರಳಿತು. ಸಮುದ್ರ ದಾಟಿ ಬಂದು ಇಲ್ಲೂ ಹೋಳಿಗೆ ನೋಡುತ್ತೇನೆ ಅಂದುಕೊಂಡಿರಲಿಲ್ಲ ಎಂದು ಆಂಟಿಯ ಪಕ್ಕ ನಿಂತೇಬಿಟ್ಟರು. ಒಬ್ಬರಿಗೆ ಕನ್ನಡ ಬಾರದು, ಇನ್ನೊಬ್ಬರಿಗೆ ಇಂಗ್ಲಿಷ್ ಬಾರದು. ಅಡುಗೆಗೆ ಭಾಷೆ ಯಾಕೆ ಅಂತ ನಾನು ಪ್ರೊಜೆಕ್ಟರ್ ನೋಡಲು ಹೋದೆ.

ಆಮೇಲೆ ನಡೆದದ್ದು ನನಗೆ ಇಬ್ಬರ ಬಾಯಿಂದಲೂ ಬೇರೆ ಬೇರೆಯಾಗಿ ತಿಳಿಯಿತು. ಆಂಟಿ ಹೂರಣಕ್ಕೆ ಜೀರಿಗೆ, ಬೆಳ್ಳುಳ್ಳಿ, ಮೆಣಸಿನಕಾಯಿ ಹಾಕಿದರು. ಅತ್ತೆ ಬೆಲ್ಲ ಈಗ ಬರುತ್ತೆ, ಆಗ ಬರುತ್ತೆ ಅಂತ ಕಾದರು. ಬರಲಿಲ್ಲ. ಪಾಪ ಮರೆತರು ಎಂದುಕೊಂಡು, ಆಂಟಿ ಫೋನಿಗೆಂದು ಆಚೆ ಹೋದಾಗ, ನಮ್ಮ ಮನೆಯಿಂದ ತಂದ ಬೆಲ್ಲ ಕುಟ್ಟಿ ಹಾಕಿದರು. ಆಂಟಿ ಬಂದು ರುಚಿ ನೋಡಿದರು. ಹಿರಿಯ ಹೆಂಗಸಿನ ಮನಸ್ಸು ನೋಯಿಸಬಾರದೆಂದು ತುಟಿಪಿಟಿಕ್ಕೆನ್ನದೆ ಇನ್ನಷ್ಟು ಬೆಳ್ಳುಳ್ಳಿ, ಮೆಣಸಿನಕಾಯಿ ಸೇರಿಸಿದರು. ಹೋಳಿಗೆಗೆ ಬೆಳ್ಳುಳ್ಳಿ ಬಿದ್ದದ್ದು ನೋಡಿ ಅತ್ತೆ ಅದನ್ನು ಸರಿಮಾಡಲು ಮತ್ತೊಂದು ಅಚ್ಚು ಬೆಲ್ಲ ಹಾಕಿದರು. ಹೀಗೇ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಗುತ್ತ, ಬೆನ್ನು ತಿರುಗಿದಾಗೆಲ್ಲ ತಿದ್ದುತ್ತ ಪಾತ್ರೆ ಮುಗಿಸಿದರು.

ಆ ಸಿಹಿಖಾರದ ವಸ್ತುವನ್ನು ಬಂದವರು ಸಾಲುಗಟ್ಟಿ ತಿಂದರು. ಕುರಿ ಸಾರಿನ ಜೊತೆ ಕೆಲವರು, ತುಪ್ಪದ ಜೊತೆ ಕೆಲವರು. ಇದು ಯಾವ ದ್ವೀಪದ ಅಡುಗೆ ಎಂದು ಆಂಟಿಯ ಊರಿನವರೇ ಕೇಳಿದರು.

ಸಂಜೆ ಆಂಟಿ ನನ್ನನ್ನು ಮೂಲೆಗೆ ಕರೆದು, ನಿಮ್ಮತ್ತೆ ಬಂಗಾರ, ಆದರೆ ವಯಸ್ಸಾಯಿತು, ಕೈಯಳತೆ ತಪ್ಪಿದೆ, ಅಡುಗೆಮನೆಯಲ್ಲಿ ಒಬ್ಬರನ್ನೇ ಬಿಡಬೇಡ ಅಂದರು. ಮನೆಗೆ ಬರುವ ದಾರಿಯಲ್ಲಿ ಅತ್ತೆ ಕಾರಿನಲ್ಲಿ ನಿಟ್ಟುಸಿರು ಬಿಟ್ಟು ಹೇಳಿದರು: "ಒಳ್ಳೆ ಹೆಂಗಸು ಕಣಮ್ಮ. ಆದ್ರೆ ಅರಳುಮರಳು ಶುರುವಾಗಿದೆ. ಒಲೆ ಹತ್ರ ಒಬ್ಬರನ್ನೇ ಬಿಡ್ಬೇಡಿ."

ಔಟೋ, ನಾಟೌಟೋ

ಪರ್ತ್‌ಗೆ ಜನ ಸೇರಿಸಲು ನಾನೊಂದು ಜಾಣತನ ಮಾಡಿದ್ದೆ. ಕೆರಿಬಿಯನ್ ಅಂದರೆ ನಮ್ಮ ಅಂಕಲ್‌ಗಳಿಗೆ ಏನು ತಿಳಿಯಬೇಕು? ಅದಕ್ಕೆ ನಮ್ಮ ಕೂಟದ ವಾಟ್ಸಾಪ್ ಗ್ರೂಪಿನಲ್ಲಿ 'ವೆಸ್ಟ್ ಇಂಡೀಸ್ ಚಿತ್ರೋತ್ಸವ' ಎಂದು ಹಾಕಿದೆ. ಗಣಿ ಕಂಪನಿಗಳ ಇಂಜಿನಿಯರ್ ಅಂಕಲ್‌ಗಳೆಲ್ಲ ಹಿಂಡು ಹಿಂಡಾಗಿ ಬಂದು ಮುಂದಿನ ಸಾಲು ಹಿಡಿದು, ಕಡಲೆಕಾಯಿ ಬಿಡಿಸುತ್ತ ಕೂತರು. ಚಿಕ್ಕಂದಿನಲ್ಲಿ ರೇಡಿಯೋಗೆ ಕಿವಿ ಅಂಟಿಸಿ ಕಾಮೆಂಟರಿ ಕೇಳಿದವರು ಅವರು. ಹಳೆಯ ಟೆಸ್ಟ್ ಮ್ಯಾಚ್ ತೋರಿಸುತ್ತಾರೆ ಅಂತಲೇ ಎಲ್ಲರ ಲೆಕ್ಕ.

ಸಿನಿಮಾ ಬಾರ್ಬಡೋಸ್‌ನ ಇಬ್ಬರು ಅಕ್ಕತಂಗಿಯರದು. ಅಪ್ಪನ ಮನೆಯ ವಿಷಯಕ್ಕೆ ಜಗಳವಾಡಿ ಮಾತು ಬಿಟ್ಟವರು. ಅರ್ಧ ಸಿನಿಮಾ ಕಳೆದರೂ ಒಂದು ಚೆಂಡೂ ಕಾಣದೆ ಅಂಕಲ್‌ಗಳು ಒಬ್ಬೊಬ್ಬರಾಗಿ ತಿರುಗಿ ನನ್ನನ್ನು ನೋಡತೊಡಗಿದರು. ನಾನು ಮೊಬೈಲ್ ನೋಡಿದೆ.

ಆಮೇಲೆ ಆ ದೃಶ್ಯ ಬಂತು. ಅಕ್ಕತಂಗಿಯರು ಎಷ್ಟೋ ವರ್ಷದ ಮೇಲೆ ಸಮುದ್ರದ ದಂಡೆಯಲ್ಲಿ ಎದುರಾಗಿ, ತಬ್ಬಿಕೊಂಡು ಅಳುತ್ತಾರೆ. ಹಾಲ್‌ನಲ್ಲಿ ಎಲ್ಲರೂ ಮೂಗು ಒರೆಸಿಕೊಳ್ಳುತ್ತಿದ್ದರು, ನನಗೂ ಅಳು ಬಂತು. ಅವರ ಹಿಂದೆ, ದೂರದಲ್ಲಿ, ನಾಲ್ಕಾರು ಹುಡುಗರು ತೆಂಗಿನ ಗರಿಯ ದಿಂಡಿನಿಂದ ಕ್ರಿಕೆಟ್ ಆಡುತ್ತಿದ್ದರು. ಚೆಂಡು ಒಬ್ಬನ ಕಾಲಿಗೆ ಬಡಿಯಿತು. ಹುಡುಗರು ಕೈಯೆತ್ತಿ ಕೂಗಿದರು. ಮುಂದಿನ ಸಾಲಿನ ಅಂಕಲ್‌ಗಳು ಒಟ್ಟಿಗೇ ಎದ್ದು ನಿಂತರು.

ಸಿನಿಮಾ ಮುಗಿದಮೇಲೆ ನಿರ್ದೇಶಕಿ ವೇದಿಕೆಗೆ ಬಂದಳು. ಅಷ್ಟು ದೂರದಿಂದ ಬಂದ ಹುಡುಗಿ. ಸಂಬಂಧ, ಮನೆ, ವಿರಹ, ಏನು ಬೇಕಾದರೂ ಕೇಳಿ ಅಂದಳು. ಮೊದಲು ಎದ್ದದ್ದು ನಮ್ಮ ಹಿರಿಯ ಇಂಜಿನಿಯರ್ ಅಂಕಲ್. ಆ ಹುಡುಗ ಎಲ್‌ಬಿಡಬ್ಲ್ಯೂ ಅಲ್ಲವೇ, ಯಾಕೆ ಔಟ್ ಕೊಡಲಿಲ್ಲ ಎಂದು ಕೇಳಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ಹುಡುಗಿ ಮೈಕ್ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ಊರೂರು ತಿರುಗಿದ್ದೇನೆ, ಎಲ್ಲರೂ ದುಃಖದ ಬಗ್ಗೆಯೇ ಕೇಳುತ್ತಾರೆ, ಆ ದಿನ ಶೂಟಿಂಗ್ ನಿಂತುಹೋದದ್ದು ಇದೇ ಜಗಳಕ್ಕೆ, ಕ್ಯಾಮೆರಾದವನು ಔಟ್ ಅಂದ, ಮೈಕ್ ಹಿಡಿದವನು ಅಲ್ಲ ಅಂದ, ಇದನ್ನು ಕೇಳಿದವರು ನೀವೇ ಮೊದಲು ಅಂದಳು. ಅಲ್ಲಿಗೆ ಹಾಲ್‌ನಲ್ಲಿ ಎರಡು ಪಕ್ಷವಾಯಿತು. ದ್ವೀಪದವರು ನಾಟೌಟ್, ನಮ್ಮವರು ಔಟ್. ದೃಶ್ಯವನ್ನು ಹಿಂದಕ್ಕೆ ಓಡಿಸಿ ಮತ್ತೆ ಹಾಕಿದರು, ಮತ್ತೂ ಹಾಕಿದರು. ಅಷ್ಟೂ ಸಲ ಅಕ್ಕತಂಗಿಯರು ಬಂದು ತಬ್ಬಿ ಅತ್ತು ಹೋದರು.

ಕೊನೆಗೆ ಅಂಕಲ್ ಬೇಸರದಿಂದ ಕೂತರು. "ಏನೂ ಹೇಳಕ್ಕಾಗಲ್ಲ ಬಿಡಿ. ಆ ಇಬ್ಬರು ಹೆಂಗಸರು ಸ್ವಲ್ಪ ಪಕ್ಕಕ್ಕೆ ನಿಂತಿದ್ರೆ ಕ್ಲಿಯರಾಗಿ ಕಾಣ್ತಿತ್ತು."

ಜೀಗುಜ್ಜೆ

ಅದೇ ಸಿನಿಮಾದಲ್ಲಿ ಒಂದು ಅಡುಗೆಯ ದೃಶ್ಯವೂ ಇತ್ತು. ಅಕ್ಕ ಕೋಪದಲ್ಲಿ ಬ್ರೆಡ್‌ಫ್ರೂಟ್ ಅನ್ನುವ ಕಾಯಿಯನ್ನು ಹೆಚ್ಚಿ ಎಣ್ಣೆಗೆ ಬಿಡುತ್ತಾಳೆ. ಉಡುಪಿ ಕಡೆಯ ನಮ್ಮ ಸ್ನೇಹಿತೆಯೊಬ್ಬಳು ಕತ್ತಲಲ್ಲೇ ನನ್ನ ತೋಳು ಹಿಡಿದು ಅಲ್ಲಾಡಿಸಿದಳು. ಅದು ಜೀಗುಜ್ಜೆ, ಅವಳು ವರ್ಷಗಳಿಂದ ಪರ್ತ್‌ನ ಅಂಗಡಿ ಅಂಗಡಿಯಲ್ಲಿ ಹುಡುಕುತ್ತಿರುವ ಕಾಯಿ.

ಎಲ್ಲ ಮುಗಿದಮೇಲೆ ನಿರ್ದೇಶಕಿಯ ಹತ್ತಿರ ಹೋಗಿ ಅಭಿನಂದಿಸಿದಳು. ಸಿನಿಮಾ ಬಹಳ ಚೆನ್ನಾಗಿದೆ, ಆದರೆ ಅಷ್ಟು ದಪ್ಪ ಹೆಚ್ಚಿದರೆ ಪೋಡಿ, ಅಂದರೆ ಬಜ್ಜಿ, ಗರಿಗರಿ ಬರುವುದಿಲ್ಲ ಎಂದಳು. ನಿರ್ದೇಶಕಿ ತಲೆ ತಗ್ಗಿಸಿ ಒಪ್ಪಿಕೊಂಡಳು. ಬೇರೆ ಎಲ್ಲ ವಿಮರ್ಶಕರೂ ಹೊಗಳಿದ್ದಾರೆ, ಇದನ್ನು ಹೇಳಿದವರು ಅವಳ ತಾಯಿ ಬಿಟ್ಟರೆ ನಮ್ಮ ಉಡುಪಿಯವಳು ಮಾತ್ರವಂತೆ.

ವೇದಿಕೆಯ ಮೇಲೆ ಆಸೀನರಾದವರು

ಪರ್ತ್‌ನ ಹಾಲ್ ತುಂಬಿತ್ತು. ಆಂಟಿಗೆ ನನ್ನ ಮೇಲೆ ನಂಬಿಕೆ ಬಂತು, ನನಗೂ ನನ್ನ ಮೇಲೆ ಬೇಕಾದ್ದಕ್ಕಿಂತ ಹೆಚ್ಚೇ ಬಂತು. ಬ್ರಿಸ್ಬೇನ್‌ನಲ್ಲಿ ಓದುತ್ತಿರುವ ನಮ್ಮ ವಿದ್ಯಾರ್ಥಿಗಳಿಗೆ ಫೋನ್ ಮಾಡಿ, ಉದ್ಘಾಟನೆ ಅಚ್ಚುಕಟ್ಟಾಗಿರಲಿ ಎಂದು ಹೇಳಿದೆ. ಕಲಬುರಗಿ, ಮಂಡ್ಯ, ಮಂಗಳೂರು ಎಲ್ಲ ಕಡೆಯ ಹುಡುಗ ಹುಡುಗಿಯರು ಸೇರಿ ಕೆಲಸ ಹಂಚಿಕೊಂಡರು. ಅವರಿಗೆ ಗೊತ್ತಿರುವ ಉದ್ಘಾಟನೆ ಒಂದೇ ರೀತಿಯದು ಅನ್ನುವುದು ನನಗೆ ಹೊಳೆಯಲಿಲ್ಲ.

ನಾನೂ ಆಂಟಿಯೂ ಹೋಗಿ ನೋಡಿದರೆ ವೇದಿಕೆ ಕಣ್ಣು ಕುಕ್ಕುತ್ತಿತ್ತು. ಉದ್ದದ ಮೇಜು, ಅದಕ್ಕೆ ಹಸಿರು ಬಟ್ಟೆ, ಸಾಲಾಗಿ ಕುರ್ಚಿಗಳು, ಪ್ರತಿ ಕುರ್ಚಿಯ ಮುಂದೆ ನೀರಿನ ಬಾಟಲಿ, ಹೂಗುಚ್ಛ. ಹಿಂದೆ ಗೋಡೆಯಷ್ಟಗಲದ ಬ್ಯಾನರ್. ಪರದೆ ಎಲ್ಲಪ್ಪ ಎಂದು ಮುಂದಾಳು ಹುಡುಗನನ್ನು ಕೇಳಿದೆ. "ಬ್ಯಾನರ್ ಹಿಂದೆ ಸೇಫಾಗಿದೆ ಅಕ್ಕ" ಅಂದ.

ಬ್ಯಾನರೇನೋ ಬಿಚ್ಚಿಸಿದೆ. ಆದರೆ ಅಷ್ಟರಲ್ಲಿ ಗಣ್ಯರು ಬಂದು ಆಸೀನರಾಗಿದ್ದರು: ಅಲ್ಲಿನ ಕೌನ್ಸಿಲರ್, ದ್ವೀಪದವರಲ್ಲೆಲ್ಲ ಹಿರಿಯರಾದ ಜಮೈಕಾದ ಒಬ್ಬ ಅಜ್ಜ, ಇನ್ನಿಬ್ಬರು. ಆಂಟಿಯನ್ನೂ ಕೈಹಿಡಿದು ಕೂರಿಸಿದರು. ಎಲ್ಲರಿಗೂ ಮೈಸೂರು ಪೇಟ, ಶಾಲು, ಗಂಧದ ಹಾರ, ಮಡಿಲಲ್ಲಿ ಹಣ್ಣಿನ ಬುಟ್ಟಿ. ನಮ್ಮಲ್ಲಿ ಒಮ್ಮೆ ವೇದಿಕೆ ಹತ್ತಿದವರು ವಂದನಾರ್ಪಣೆ ಆಗುವ ತನಕ ಇಳಿಯುವ ಹಾಗಿಲ್ಲ. ವಂದನಾರ್ಪಣೆ ಸಿನಿಮಾ ಮುಗಿದಮೇಲೆ ಎಂದು ಇಟ್ಟಿದ್ದರು. ಇಳಿಯಿರಿ ಅನ್ನಲು ಹುಡುಗರಿಗೆ ಸಂಕೋಚ, ಎದ್ದರೆ ಇವರ ಸಂಪ್ರದಾಯಕ್ಕೆ ಅವಮಾನ ಎಂದು ಗಣ್ಯರಿಗೆ ಸಂಕೋಚ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ನಾನು ಯೋಚಿಸುತ್ತಿರುವಾಗಲೇ ದೀಪ ಆರಿ ಸಿನಿಮಾ ಶುರುವಾಯಿತು.

ಪರದೆಯ ಮೇಲೆ ಕಾರ್ನಿವಲ್ ಮೆರವಣಿಗೆ, ಗರಿ ಕಟ್ಟಿಕೊಂಡ ಹೆಂಗಸರ ಕುಣಿತ. ಅದರ ಕೆಳಗೆ ಸಾಲಾಗಿ ಪೇಟಗಳ ನೆರಳು. ಕೌನ್ಸಿಲರ್ ಸ್ವಲ್ಪ ಹೊತ್ತು ನಮ್ಮನ್ನೇ ನೋಡುತ್ತ ಕೂತಿದ್ದರು, ಆಮೇಲೆ ಸದ್ದಾಗದಂತೆ ಕುರ್ಚಿಯನ್ನು ಇಷ್ಟಿಷ್ಟೇ ತಿರುಗಿಸಿದರು. ಮಿಕ್ಕವರೂ ತಿರುಗಿಸಿದರು. ಅಷ್ಟು ಹತ್ತಿರದಲ್ಲಿ ಮೆರವಣಿಗೆ ಕಂಡ ಅಜ್ಜನಿಗೆ ತಡೆಯಲಾಗಲಿಲ್ಲ. ಹಣ್ಣಿನ ಬುಟ್ಟಿಯನ್ನು ಕೌನ್ಸಿಲರ್ ಮಡಿಲಿಗೆ ದಾಟಿಸಿ, ಪೇಟ ಗಟ್ಟಿ ಮಾಡಿಕೊಂಡು ಎದ್ದು ಕುಣಿದರು. ಅವರ ನೆರಳು ಪರದೆಯ ಮೇಲಿನ ಹೆಂಗಸರ ಮಧ್ಯೆ ಸೇರಿಕೊಂಡು ಕುಣಿಯಿತು. ನಮ್ಮ ಮಂಡ್ಯದ ಹುಡುಗರು ಸಿಳ್ಳೆ ಹೊಡೆದರು. ಆಂಟಿಯೂ ಎದ್ದರು, ಕೊನೆಗೆ ಹಾಲ್‌ಗೆ ಹಾಲೇ ಎದ್ದು ನಿಂತಿತು.

ಮುಗಿದಮೇಲೆ ಸ್ಥಳೀಯ ರೇಡಿಯೋದ ಹೆಂಗಸೊಬ್ಬರು ಬಂದು, ಗಣ್ಯರನ್ನೇ ಚಿತ್ರದೊಳಗೆ ಸೇರಿಸುವ ಇಂಥ ಹೊಸ ಪ್ರಯೋಗವನ್ನು ತಾವು ಎಲ್ಲೂ ನೋಡಿಲ್ಲ, ಈ ಕಲ್ಪನೆ ಯಾರದು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನಮ್ಮ ಮುಂದಾಳು ಕಾಲರ್ ಸರಿಮಾಡಿಕೊಂಡು ಮುಂದೆ ಬಂದ. ಪರದೆಗೆ ಅಡ್ಡ ಬ್ಯಾನರ್ ಕಟ್ಟಿದ್ದನಲ್ಲ, ಅವನೇ.

ಗ್ಲೆನೆಲ್ಗ್

ಕೊನೆಗೆ ಅಡಿಲೇಡ್ ಬಂತು. ಅತ್ತೆಯನ್ನೂ ಕರೆದುಕೊಂಡು ಹೋದೆವು.

ಥಿಯೇಟರಿನ ಯಜಮಾನರು ನಗುವುದನ್ನು ಯಾವುದೋ ಕಾಲದಲ್ಲಿ ನಿಲ್ಲಿಸಿದ್ದ ವಯಸ್ಸಾದ ಮನುಷ್ಯ. ದೀಪ ಆರುವ ಮೊದಲು ಹಿಂದೆ ನಿಂತು ನೋಡುತ್ತೇನೆ, ಖಾಲಿ ಸೀಟು ಕಂಡರೆ ಮುಂದಿನ ವರ್ಷ ಈ ಭಾನುವಾರ ಬೇರೆಯವರಿಗೆ, ಕೇಳುತ್ತಿರುವವರು ಇದ್ದಾರೆ ಎಂದು ಮತ್ತೊಮ್ಮೆ ನೆನಪಿಸಿದರು. ಪ್ರವೇಶ ಉಚಿತ, ಸೀಟಿಗೆ ನಂಬರಿಲ್ಲ, ಎಲ್ಲಿ ಬೇಕಾದರೂ ಕೂರಬಹುದು. ಆಂಟಿ ಒಳಗೆ ಹೋಗಿ, ತಾವು ಆ ಕಾಲದಲ್ಲಿ ಒಬ್ಬರೇ ಕೂರುತ್ತಿದ್ದ ಮೂರನೇ ಸಾಲಿನ ಮಧ್ಯದ ಸೀಟನ್ನು ಅತ್ತೆಗೆ ಮುಟ್ಟಿ ತೋರಿಸಿದರು.

ಆ ದಿನದ ಗ್ರಹಚಾರ ಕೇಳಬೇಡಿ. ಚಳಿಗಾಲ ಮುಗಿದು ಮೊದಲ ಬಿಸಿಲು ಬಿದ್ದ ಭಾನುವಾರ. ಜೊತೆಗೆ ಸಂಜೆ ಫೂಟಿ, ಅಂದರೆ ಇಲ್ಲಿನವರ ಫುಟ್‌ಬಾಲ್ ಮ್ಯಾಚ್. ದ್ವೀಪದವರು ಆ ಊರಿನಲ್ಲಿ ಬೆರಳೆಣಿಕೆಯಷ್ಟು ಜನ. ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ಭಾನುವಾರವೇ ಶಿಫ್ಟ್, ಒಬ್ಬ ಸರ್ವೋದಲ್ಲಿ, ಅಂದರೆ ಪೆಟ್ರೋಲ್ ಬಂಕಿನಲ್ಲಿ, ಬಿಲ್ ಮಾಡುತ್ತ, ಇನ್ನೊಬ್ಬಳು ವೃದ್ಧಾಶ್ರಮದಲ್ಲಿ. ಬಂದದ್ದು ಹಿಡಿಯಷ್ಟು. ಅವರನ್ನು ಕರೆದುಕೊಂಡು ಸಮುದ್ರದಂಡೆಯ ಜೆಟ್ಟಿಯ ಹತ್ತಿರ ಹೋದೆ. ಮರಳ ಮೇಲೆ ಊರಿಗೆ ಊರೇ ಮಲಗಿತ್ತು. ಬನ್ನಿ, ಒಳ್ಳೆಯ ಸಿನಿಮಾ, ಬಿಟ್ಟಿ, ಬೇಕಾದಷ್ಟು ಸೀಟಿದೆ ಎಂದು ಕಂಡ ಕಂಡವರನ್ನು ಕರೆದೆ. ನೋ ಥ್ಯಾಂಕ್ಸ್ ಲವ್ ಎಂದು ನಯವಾಗಿ ಹೇಳಿ ಮಗ್ಗುಲು ಬದಲಿಸಿದರು. ಫೂಟಿ ಸ್ಕಾರ್ಫ್ ಹಾಕಿಕೊಂಡಿದ್ದ ಒಬ್ಬ ದಪ್ಪ ಮನುಷ್ಯ, ಅಷ್ಟು ಒಳ್ಳೆಯ ಸಿನಿಮಾ ಆದರೆ ಅಷ್ಟೊಂದು ಸೀಟು ಯಾಕೆ ಉಳಿದಿದೆ ಎಂದು ಕೇಳಿದ.

ಟ್ರಾಮ್ ಸ್ಟಾಪಿನ ಬೆಂಚಿನ ಮೇಲೆ ಕೂತೆ. ಆಂಟಿ ಬೆಳಿಗ್ಗೆಯಿಂದ ಹೊಸ ಹಳದಿ ಬಟ್ಟೆ, ಅದಕ್ಕೊಪ್ಪುವ ಟೋಪಿ ಹಾಕಿಕೊಂಡು ಥಿಯೇಟರಿನ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಜನ ಬರುತ್ತಾರೆ ಅಂತ ನನ್ನನ್ನು ಒಂದು ಸಲವೂ ಕೇಳಿರಲಿಲ್ಲ. ಕೇಳಿ ಬೈದಿದ್ದರೆ ವಾಸಿ. ನನಗೆ ಅಳುವೇ ಬಂತು. ಇಷ್ಟು ವರ್ಷ ಜನ ಸೇರಿಸಿದ್ದೇನೆಂದು ಬೀಗಿದವಳು, ಬೇಕಾದ ದಿನವೇ ಕೈಲಾಗದೆ ಕೂತಿದ್ದೆ.

ಕಣ್ಣೊರೆಸಿಕೊಂಡು ವಾಪಸ್ ಬಂದರೆ ಥಿಯೇಟರಿನ ಮುಂದೆ ಸಾಲು. ಬಾಗಿಲಿನಿಂದ ಶುರುವಾಗಿ ಐಸ್‌ಕ್ರೀಮ್ ಅಂಗಡಿ ದಾಟಿ ಬೆಳೆದಿತ್ತು. ಮೈಗೆ ಮರಳು ಮೆತ್ತಿಕೊಂಡವರು, ಟವಲ್ ಸುತ್ತಿಕೊಂಡವರು, ಟ್ರಾಮಿನಿಂದ ಈಗಷ್ಟೇ ಇಳಿದವರು. ಆ ಸ್ಕಾರ್ಫಿನವನೂ ಇದ್ದ. ಏನು ಇಲ್ಲಿ ಎಂದೆ. ಗೊತ್ತಿಲ್ಲ, ಆದರೆ ಒಂದು ಸೀಟೂ ಇಲ್ಲವಂತೆ ಎಂದು ಉತ್ಸಾಹದಿಂದ ಹೇಳಿದ.

ನುಗ್ಗಿ ಒಳಗೆ ಹೋದೆ. ಹಾಲ್‌ನಲ್ಲಿ ಒಂದು ನರಪಿಳ್ಳೆಯೂ ಕೂತಿರಲಿಲ್ಲ. ಆದರೆ ಪ್ರತಿಯೊಂದು ಸೀಟಿನ ಮೇಲೂ ಏನೋ ಒಂದು ಇತ್ತು: ಕೆಂಪು ಗರಿ, ನೀಲಿ ಗರಿ, ಮಿಂಚುವ ನಡುಪಟ್ಟಿ, ಮಣಿಯ ಕಿರೀಟ. ಆಂಟಿ ಪ್ರದರ್ಶನಕ್ಕೆಂದು ಪೆಟ್ಟಿಗೆಗಳಲ್ಲಿ ತಂದಿದ್ದ ಕಾರ್ನಿವಲ್ ಉಡುಪೆಲ್ಲ ಬಿಡಿ ಬಿಡಿಯಾಗಿ ಸೀಟುಗಳ ಮೇಲಿತ್ತು. ಮೂರನೇ ಸಾಲಿನ ಮಧ್ಯದ ಸೀಟಿನ ಮೇಲೆ ಮಾತ್ರ ಒಂದು ಚೌಕುಳಿ ಟವಲ್. ನಡುವಿನ ದಾರಿಯಲ್ಲಿ ಅತ್ತೆ ಬಸ್ ಕಂಡಕ್ಟರ್ ಹಾಗೆ ನಿಂತು, ಇಣುಕಿದವರಿಗೆಲ್ಲ ತಮಗೆ ಬರುವ ಇಂಗ್ಲಿಷಿನಲ್ಲಿ ಸಾರಿ, ಫುಲ್ ಅನ್ನುತ್ತಿದ್ದರು.

ಬೆಳಿಗ್ಗೆ ನಾನೇ ಅವರಿಗೆ ಹೇಳಿದ್ದೆ, ಇವತ್ತು ಸೀಟೆಲ್ಲ ಭರ್ತಿ ಆಗಬೇಕು, ಇಲ್ಲದಿದ್ದರೆ ಆಂಟಿಯ ಕೆಲಸ ಕೆಡುತ್ತೆ ಎಂದು. ತಿಪಟೂರಿನ ಬಸ್ ಸ್ಟ್ಯಾಂಡಿನಲ್ಲಿ ಜೀವ ಸವೆಸಿದವರಿಗೆ ಇದರ ಅರ್ಥ ಒಂದೇ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವಲ್ ಎಸೆದರೆ ಸೀಟು ನಮ್ಮದು, ಅದರ ಮೇಲೆ ಅಪೀಲಿಲ್ಲ. ನಮ್ಮ ರಾಜ್ಯದಲ್ಲಿ ಮುಖ್ಯಮಂತ್ರಿ ಕುರ್ಚಿಗೇ ಟವಲ್ ಹಾಕಿಕೊಂಡು ಕಾಯುತ್ತಾರೆ, ಇದೇನು ಮಹಾ. ಟಾಯ್ಲೆಟ್ ಹುಡುಕಿಕೊಂಡು ಬಂದ ಒಂದು ಜೋಡಿ ಮೊದಲು ಇಣುಕಿ ನೋಡಿ, ಹೊರಗೆ ಹೋಗಿ ಎಲ್ಲ ಬುಕ್ಕಾಗಿದೆ ಎಂದಿತಂತೆ. ಜಾಗ ಇದೆ ಬನ್ನಿ ಎಂದು ಕರೆದಾಗ ಬಾರದವರು, ಜಾಗ ಇಲ್ಲ ಅಂದದ್ದೇ ಓಡಿ ಬಂದಿದ್ದರು.

"ಯಾರಿಗೆ ಅತ್ತೆ ಇಷ್ಟೊಂದು ಸೀಟು?" ಅಂದೆ.

"ನಮ್ಮೋರಿಗೆ."

"ನಮ್ಮೋರು ಅಷ್ಟು ಜನ ಇಲ್ಲ ಅತ್ತೆ."

ಅತ್ತೆ ಬಾಗಿಲಿನ ಕಡೆ ನೋಡಿದರು. "ಹಂಗಾದ್ರೆ ಬಂದೋರೇ ನಮ್ಮೋರು ಬಿಡಮ್ಮ" ಅಂದರು.

ಆಮೇಲಿನದು ಅವರದೇ ದರ್ಬಾರು. ಬೆರಳೆತ್ತಿ ಎಷ್ಟು ಜನ ಎಂದು ಕೇಳುವುದು, ಅಷ್ಟು ಸೀಟಿನ ಗರಿ ಎತ್ತಿ ಬಂದವರ ಕೈಗೆ ಕೊಟ್ಟು ಕೂರಿಸುವುದು. ಕೈಯಲ್ಲಿ ಹಿಡಿದು ಎಷ್ಟು ಹೊತ್ತು ಕೂರುತ್ತಾರೆ, ಎಲ್ಲರೂ ತಲೆಗೆ ಸಿಕ್ಕಿಸಿಕೊಂಡರು. ಸ್ಕಾರ್ಫಿನವನಿಗೆ ಕಿರೀಟವೇ ಸಿಕ್ಕಿತು. ಕೊನೆಯ ಸೀಟು ತುಂಬಿದಮೇಲೆ ಅತ್ತೆ ಬಾಗಿಲಿಗೆ ಹೋಗಿ ಆಂಟಿಯ ಕೈಹಿಡಿದು ಕರೆತಂದರು. ಗರಿಗಳಿಂದ ತುಂಬಿದ ಹಾಲ್ ನೋಡಿ ಆಂಟಿ ಅಲ್ಲೇ ನಿಂತುಬಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು, ಯಾಕೆಂದು ಅವರಲ್ಲಿ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಅತ್ತೆ ಟವಲ್ ಎತ್ತಿ, ಮೂರನೇ ಸಾಲಿನ ಆ ಸೀಟನ್ನು ಒರೆಸಿ, ಆಂಟಿಯನ್ನು ಕೂರಿಸಿದರು. ಆ ದಿನ ಎರಡನೇ ಸಲ ನನಗೆ ಅಳು ಬಂತು, ಈ ಸಲ ನಾಚಿಕೆಯಿಲ್ಲದೆ.

ಅಷ್ಟು ಹೊತ್ತಿಗೆ ಯಜಮಾನರು ಖಾಲಿ ಸೀಟು ಹುಡುಕುತ್ತ ಒಳಗೆ ಬಂದರು. ಆ ಸಾಲು ನೋಡಿದರು, ಈ ಸಾಲು ನೋಡಿದರು, ಸಿಗಲಿಲ್ಲ. ಅತ್ತೆ ಅವರನ್ನು ತಡೆದು ಬೆರಳೆತ್ತಿ ಎಷ್ಟು ಜನ ಎಂದು ಕೇಳಿದರು. ಅವರು ಗಲಿಬಿಲಿಗೊಂಡು ಒಂದು ಬೆರಳು ತೋರಿಸಿದರು. ಅತ್ತೆ ಮರುಕದಿಂದ ತಲೆಯಾಡಿಸಿದರು. ಸಾರಿ, ಫುಲ್. ತಮ್ಮದೇ ಥಿಯೇಟರಿನಲ್ಲಿ ಆ ಮನುಷ್ಯ ಪ್ರೊಜೆಕ್ಟರ್ ರೂಮಿಗೆ ಹೋಗಿ, ಅಲ್ಲಿನ ಕಿಂಡಿಯಿಂದ ಸಿನಿಮಾ ನೋಡಿದರು.

ಎಣ್ಣೆ ಡ್ರಮ್ಮಿನ ತಳ ಬಡಿದು ವಾದ್ಯ ಮಾಡುವ ಟ್ರಿನಿಡಾಡ್‌ನ ಹೆಂಗಸೊಬ್ಬಳ ಕಥೆ ಅದು, ಆಂಟಿಯ ಊರಿನ ಮಗ್ಗುಲಲ್ಲೇ ತೆಗೆದದ್ದು. ಒಂದು ಬೀದಿ ಕಂಡಾಗ ಆಂಟಿ ಎದ್ದು ನಿಂತು, ಅದು ನಾವು ಸ್ಕೂಲಿಗೆ ಹೋಗುತ್ತಿದ್ದ ದಾರಿ ಎಂದು ಇಡೀ ಹಾಲ್‌ಗೆ ಹೇಳಿದರು. ಯಾರೂ ಕೂರಿ ಅನ್ನಲಿಲ್ಲ. ಮುಗಿದಮೇಲೂ ಜನ ಏಳಲಿಲ್ಲ. ಫೂಟಿ ಮ್ಯಾಚ್ ಶುರುವಾಗಿ ಎಷ್ಟು ಹೊತ್ತಾಗಿದೆ ಎಂದು ಸ್ಕಾರ್ಫಿನವನಿಗೆ ನೆನಪೇ ಇರಲಿಲ್ಲ, ಮುಂದಿನದು ಯಾವಾಗ ಎಂದು ಆಂಟಿಯನ್ನೇ ಕೇಳಿದ.

ಆಂಟಿ ಅದನ್ನೇ ಯಜಮಾನರನ್ನು ಕೇಳಿದರು. ಅವರು ಗಡ್ಡ ಕೆರೆದುಕೊಂಡು, ಇವತ್ತೇನೋ ತುಂಬಿತು, ಮುಂದಿನ ವರ್ಷದ್ದು ಯೋಚಿಸಿ ಹೇಳುತ್ತೇನೆ ಅಂದರು. ಒಪ್ಪಿದ ಮಾತಿಗೂ ಹೀಗೆ ರಾಗ ಎಳೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಜಗಳಕ್ಕೆ ನಿಲ್ಲುತ್ತಿದ್ದೆ, ಆಂಟಿ ಎಳೆದುಕೊಂಡು ಬಂದರು.

ಟ್ರಾಮ್ ಸ್ಟಾಪಿನಲ್ಲಿ ನಿಂತಿದ್ದಾಗ ಯಜಮಾನರು ಏದುಸಿರು ಬಿಡುತ್ತ ಓಡಿ ಬಂದರು. ಕೈಯಲ್ಲಿ ಅತ್ತೆಯ ಚೌಕುಳಿ ಟವಲ್. ಮೂರನೇ ಸಾಲಿನಲ್ಲಿ ಬಿಟ್ಟು ಬಂದಿದ್ದೀರಿ ಎಂದು ಚಾಚಿದರು. ಅತ್ತೆ ಕೈ ಹಿಂದಕ್ಕೆ ಕಟ್ಟಿಕೊಂಡರು.

"ಮರೆತು ಬಂದಿದ್ದಲ್ಲ ಅಂತ ಹೇಳಮ್ಮ ಅವರಿಗೆ. ಮುಂದಿನ ವರ್ಷಕ್ಕೆ ಸೀಟು ಹಿಡ್ದಿದೀನಿ. ತಗೊಂಡ್ಹೋಗಿ ಎಲ್ಲಿತ್ತೋ ಅಲ್ಲೇ ಹಾಕ್ಲಿ."

ನಾನು ಅಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಟವಲಿನ ಕಾನೂನನ್ನೂ ವಿವರಿಸಿದೆ. ಯಜಮಾನರು ಟವಲನ್ನೊಮ್ಮೆ, ಅತ್ತೆಯನ್ನೊಮ್ಮೆ ನೋಡಿದರು. ಅದನ್ನು ಮಡಚಿ ಹೆಗಲ ಮೇಲೆ ಹಾಕಿಕೊಂಡು ಬಂದ ದಾರಿಯಲ್ಲೇ ಹೋದರು.

ಮರುವಾರ ಆಂಟಿಗೆ ಅವರ ಫೋನ್ ಬಂತು. ಮುಂದಿನ ವರ್ಷವೂ ಇದೇ ಭಾನುವಾರ, ಅದರ ಮುಂದಿನ ವರ್ಷವೂ, ಹಾಲ್ ನಿಮ್ಮದೇ. ಆದರೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ತಕರಾರು ಬೇಡ ಅಂದರಂತೆ: ಮೂರನೇ ಸಾಲಿನ ಮಧ್ಯದ ಸೀಟು ಮಾತ್ರ ಕೊಡಲಾಗುವುದಿಲ್ಲ, ಅದಕ್ಕೆ ಯಾರೋ ಆಗಲೇ ಟವಲ್ ಹಾಕಿದ್ದಾರೆ.